ಸಂಕ್ರಾಂತಿ ಕಳೆದ ಮೇಲೆ ಹೂವಿನ ಹೊಲವನ್ನು ಯಾವ ಕ್ರಮದಲ್ಲಿ ಮುಗಿಸಬೇಕು?

ಪ್ರಶ್ನೆ: ಅರಸೀಕೆರೆಯ ಬೆಳೆಗಾರ್ತಿ, ಜನವರಿ 18

ಎಲ್ಲರಿಗೂ ನಮಸ್ಕಾರ. ಅರಸೀಕೆರೆ ತಾಲ್ಲೂಕಿನಲ್ಲಿ ನಾವು 22 ಗುಂಟೆ ಜಾಗದಲ್ಲಿ ಹೂವು ಬೆಳೆಯುತ್ತಿದ್ದೇವೆ. ತೆಂಗಿನ ತೋಟಕ್ಕೆ ಹೊಂದಿಕೊಂಡ ಕೆಂಪು ಮಣ್ಣಿನ ಹೊಲ, ನೀರಿಗೆ ಇರುವುದು ಒಂದೇ ಕೊಳವೆಬಾವಿ. ಈ ವರ್ಷ 10 ಗುಂಟೆಯಲ್ಲಿ ಸೇವಂತಿಗೆ, 6 ಗುಂಟೆಯಲ್ಲಿ ಚೆಂಡು ಹೂವು, 4 ಗುಂಟೆಯಲ್ಲಿ ಗ್ಲಾಡಿಯೋಲಸ್, 2 ಗುಂಟೆಯಲ್ಲಿ ಸುಗಂಧರಾಜ ಹಾಕಿದ್ದೆವು. ಬದುವಿನ ಉದ್ದಕ್ಕೂ ಒಂದು ಸಾಲು ಡೇರೆ ಹೂವೂ ಇತ್ತು. ಆಯುಧಪೂಜೆಗೆ ಚೆಂಡು ಹೂವು, ಹಾಸನಾಂಬೆಯ ಬಾಗಿಲು ತೆರೆದ ದಿನದಿಂದ ದೀಪಾವಳಿಯವರೆಗೆ ಸೇವಂತಿಗೆ ಒಳ್ಳೆಯ ಬೆಲೆಗೆ ಹೋದವು. ಈಗ ವೈಕುಂಠ ಏಕಾದಶಿಯೂ ಸಂಕ್ರಾಂತಿಯೂ ಕಳೆದಿವೆ. ಮಂಡಿಯಿಂದ ಬರುವ ಪಟ್ಟಿಯನ್ನು ನೋಡಿದರೆ ಬಿಡಿಸಿದ ಕೂಲಿಯೂ ಹುಟ್ಟುತ್ತಿಲ್ಲ. ಹಾಗಾಗಿ ಈ ತಿಂಗಳ ಕೊನೆಯೊಳಗೆ ಹೊಲವನ್ನು ಮುಗಿಸುವುದೆಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ.

ಮುಗಿಸುವ ಕ್ರಮದ ಬಗ್ಗೆ ಕೇಳಲು ಕಾರಣವಿದೆ. ಹೋದ ವರ್ಷ ಇದೇ ಸಮಯದಲ್ಲಿ ಎಲ್ಲವನ್ನೂ ಎರಡೇ ದಿನದಲ್ಲಿ ಕಿತ್ತು ಬದುವಿಗೆ ಎಸೆದು ಉಳುಮೆ ಮಾಡಿಸಿಬಿಟ್ಟೆವು. ಹೊಲ ಚೊಕ್ಕಟವಾಯಿತೆಂದು ಸಮಾಧಾನಪಟ್ಟಿದ್ದೆವು. ಜೂನ್‌ನಲ್ಲಿ ನಾಟಿಗೆ ಸೇವಂತಿಗೆ ಸಸಿ ಬೇಕಾದಾಗ ಒಂದು ನರ್ಸರಿಯಿಂದ ತರಬೇಕಾಯಿತು. ನಾವು ಕೇಳಿದ್ದು ಪೂರ್ಣಿಮಾ ಬಿಳಿ. ಹೂವು ಬಂದಾಗ ಮೂರರಲ್ಲಿ ಒಂದು ಭಾಗ ಬೇರೆ ತಳಿಯಾಗಿತ್ತು, ಒಂದಿಷ್ಟು ಗಿಡಗಳು ಮೊಗ್ಗಾಗುವ ಹೊತ್ತಿಗೆ ಒಂದು ಪಕ್ಕದಿಂದ ಬಾಡಿ ಸತ್ತವು. ಮಿಶ್ರ ಹೂವನ್ನು ಬೇರೆ ಬೇರೆ ಮಾಡಿ ಕಟ್ಟುವಷ್ಟರಲ್ಲಿ ಬೆಳಗಿನ ಬಸ್ಸು ಹೋಗಿಬಿಡುತ್ತಿತ್ತು. ಈ ಸಲ ನಮ್ಮ ಹೊಲದ ಒಳ್ಳೆಯ ಗಿಡಗಳಿಂದಲೇ ಸಸಿ ಮಾಡಿಕೊಳ್ಳಬೇಕೆಂಬ ಆಸೆ ನನಗಿದೆ.

ನನಗಿರುವ ಸಂದೇಹಗಳು ಇವು. ಸೇವಂತಿಗೆಯ ಬುಡದಲ್ಲಿ ಈಗಾಗಲೇ ಬೆರಳುದ್ದದ ಮರಿಗಳು ಎದ್ದಿವೆ. ನಿನ್ನೆ ಬಗ್ಗಿ ನೋಡಿದಾಗ ನಾಲ್ಕೇ ಎಲೆ ಬಿಟ್ಟಿರುವ ಒಂದು ಮರಿಯ ನೆತ್ತಿಯಲ್ಲಿ ಮೆಣಸಿನ ಕಾಳಿನಷ್ಟು ಮೊಗ್ಗು ಕುಳಿತಿತ್ತು. ಇಂಥ ಮರಿಗಳು ನಾಟಿಗೆ ಆಗುತ್ತವೆಯೇ? ಗ್ಲಾಡಿಯೋಲಸ್ ಹೂವಿನ ದಂಟುಗಳನ್ನು ಡಿಸೆಂಬರ್ ಕೊನೆಯ ವಾರದಲ್ಲಿ ಕೊಯ್ದು ಮುಗಿಸಿದೆವು, ಎಲೆ ಇನ್ನೂ ಹಸಿರಾಗಿದೆ; ಗೆಡ್ಡೆಯನ್ನು ಈಗಲೇ ಅಗೆಯಬಹುದೇ? ಎರಡನೆಯ ವರ್ಷಕ್ಕೆ ಬಂದಿರುವ ಸುಗಂಧರಾಜವನ್ನು ಕೂಳೆ ಬಿಡುವುದೋ, ಅಂದರೆ ಅದೇ ಬುಡದಿಂದ ಮತ್ತೆ ಚಿಗುರಲು ಬಿಡುವುದೋ, ತೆಗೆಯುವುದೋ? ಚೆಂಡು ಹೂವಿನ ಗಿಡವನ್ನು ಮಣ್ಣಿಗೆ ಸೇರಿಸಿದರೆ ಒಳ್ಳೆಯದೆಂದು ಕೆಲವರು, ಸುಟ್ಟುಹಾಕಿ ಎಂದು ಕೆಲವರು ಹೇಳುತ್ತಾರೆ. ಬೇಸಿಗೆಯಲ್ಲಿ ನಮ್ಮ ಕೊಳವೆಬಾವಿಯಲ್ಲಿ ದಿನಕ್ಕೆ ಒಂದೂವರೆ ಗಂಟೆ ನೀರು ಬಂದರೆ ಹೆಚ್ಚು ಎಂಬುದನ್ನು ಗಮನದಲ್ಲಿಟ್ಟು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಕಡೂರಿನ ಸೇವಂತಿಗೆ ಬೆಳೆಗಾರ, ಜನವರಿ 18

ಅಕ್ಕನವರಿಗೆ ನಮಸ್ಕಾರ. ಸೇವಂತಿಗೆಯ ವಿಷಯವನ್ನಷ್ಟೇ ನಾನು ಹೇಳಬಲ್ಲೆ, ಏಕೆಂದರೆ ಮೂವತ್ತು ವರ್ಷಗಳಿಂದ ನಮ್ಮ ಮನೆಯಲ್ಲಿ ಹೊರಗಿನ ಸಸಿ ತಂದದ್ದು ಎರಡೇ ಸಲ.

ಮೊದಲ ಮಾತು, ಗಿಡದಲ್ಲಿ ಇನ್ನೂ ನಾಲ್ಕು ಹೂವು ಇರುವಾಗಲೇ ತಾಯಿಗಿಡಗಳನ್ನು ಆರಿಸಿ ಗುರುತು ಹಾಕಿರಿ. ಹೂವೆಲ್ಲ ಒಣಗಿ ಗಿಡ ಕತ್ತರಿಸಿದ ಮೇಲೆ ಪೂರ್ಣಿಮಾ ಯಾವುದು, ಬೆರಕೆ ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ನಾಳೆಯೇ ಹಳೆಯ ಬಿಳಿ ಪಂಚೆಯನ್ನು ಸೀಳಿ ಪಟ್ಟಿ ಮಾಡಿಕೊಂಡು ಸಾಲಿನಲ್ಲಿ ನಡೆಯಿರಿ. ಹೂವು ತುಂಬಿ ಬಂದಿರುವ, ದಂಟು ಗಟ್ಟಿಯಾಗಿರುವ, ಕೆಳಗಿನ ಎಲೆಗಳು ಕಪ್ಪಾಗಿ ಉದುರದೆ ಬುಡದವರೆಗೂ ಹಸಿರಾಗಿರುವ ಗಿಡಕ್ಕೆ ಮಾತ್ರ ಪಟ್ಟಿ ಕಟ್ಟಬೇಕು. ಎಲೆಯ ಮೇಲ್ಭಾಗದಲ್ಲಿ ತಿಳಿಹಳದಿ ಚುಕ್ಕೆಯಿದ್ದು ಅಡಿಯಲ್ಲಿ ಬಿಳಿಯ ಗುಳ್ಳೆಗಳಿದ್ದರೆ ಅದು ಬಿಳಿ ತುಕ್ಕು. ಎಷ್ಟೇ ಚೆನ್ನಾಗಿ ಹೂಬಿಟ್ಟಿದ್ದರೂ ಅಂಥ ಗಿಡ ಬೇಡ. ಬಾಡಿ ಸತ್ತ ಗಿಡದ ಅಕ್ಕಪಕ್ಕದ ಗಿಡಗಳೂ ಬೇಡ.

ಎಷ್ಟು ತಾಯಿಗಿಡ ಬೇಕೆಂಬ ಲೆಕ್ಕವನ್ನು ಹೀಗೆ ಮಾಡಿ. ಒಂದು ಗುಂಟೆಯೆಂದರೆ ಸುಮಾರು 101 ಚದರ ಮೀಟರ್. ಗಿಡದಿಂದ ಗಿಡಕ್ಕೂ ಸಾಲಿನಿಂದ ಸಾಲಿಗೂ ಒಂದು ಅಡಿ ಬಿಟ್ಟರೆ ಗುಂಟೆಗೆ ಸುಮಾರು 1,100 ಗಿಡ ಹಿಡಿಯುತ್ತದೆ. ಓಡಾಡುವ ದಾರಿ ಕಳೆದರೆ 10 ಗುಂಟೆಗೆ ಹತ್ತು ಸಾವಿರ ಸಸಿ ಬೇಕು. ಒಂದು ತಾಯಿಗಿಡ ಎಂಟು ಗಟ್ಟಿ ಮರಿ ಕೊಟ್ಟರೆ 300 ತಾಯಿಗಿಡಕ್ಕೆ 2,400 ಮರಿಯಾಯಿತು. ಅವನ್ನು ಬೇಸಿಗೆಯಲ್ಲಿ ಮಡಿಯಲ್ಲಿ ಬೆಳೆಸಿ, ಕುಡಿ ಚಿವುಟಿ, ಒಂದೊಂದರಿಂದ ಐದು ಕುಡಿ ತೆಗೆದರೂ ಜೂನ್ ಹೊತ್ತಿಗೆ ಹನ್ನೆರಡು ಸಾವಿರವಾಗುತ್ತದೆ. ಆದ್ದರಿಂದ 10 ಗುಂಟೆಯನ್ನೂ ಉಳಿಸಿ ನೀರು ಕೊಡುವ ಅಗತ್ಯವಿಲ್ಲ, 300 ಗಿಡಕ್ಕೆ ನೀರಿದ್ದರೆ ಸಾಕು.

ಗುರುತು ಮಾಡಿದ ಗಿಡವನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಒಣ ಎಲೆ ತೆಗೆದು, ತೆಳುವಾಗಿ ಕೊಟ್ಟಿಗೆ ಗೊಬ್ಬರ ಹಾಕಿ, ಬುಡಕ್ಕೆ ಮಣ್ಣೇರಿಸಿ. ಮೂರು ನಾಲ್ಕು ವಾರದಲ್ಲಿ ಹೊಸ ಮರಿಗಳು ಒತ್ತಾಗಿ ಬರುತ್ತವೆ. ಯೂರಿಯಾ ಸುರಿಯಬೇಡಿ, ಮರಿ ಉದ್ದವಾಗಿ ಎಳಸಾಗುತ್ತದೆ, ಗಿಡಹೇನು ಮುತ್ತುತ್ತದೆ.

ಮರಿಯ ನೆತ್ತಿಯ ಮೊಗ್ಗಿನ ಬಗ್ಗೆ ಕೇಳಿದಿರಿ. ಸೇವಂತಿಗೆ ಹಗಲು ಕಡಿಮೆಯಿದ್ದಾಗ, ಅಂದರೆ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ನಮ್ಮ ಹಾಸನ, ಚಿಕ್ಕಮಗಳೂರಿನ ಕಡೆ ಡಿಸೆಂಬರ್‌ನಲ್ಲಿ ಹಗಲು ಸುಮಾರು 11 ಗಂಟೆ 20 ನಿಮಿಷ, ಜೂನ್‌ನಲ್ಲಿ ಸುಮಾರು 12 ಗಂಟೆ 55 ನಿಮಿಷ. ಇಷ್ಟೇ ವ್ಯತ್ಯಾಸವನ್ನು ಆ ಗಿಡ ಗುರುತಿಸುತ್ತದೆ. ಜನವರಿಯಲ್ಲಿ ಹುಟ್ಟಿದ ಮರಿಗೆ ಇದು ಹೂಬಿಡುವ ಕಾಲವೆಂದೇ ಅನ್ನಿಸುತ್ತದೆ, ಆದ್ದರಿಂದ ಬೆಳೆಯುವುದನ್ನು ಬಿಟ್ಟು ಮೊಗ್ಗಿಗೆ ಹೋಗುತ್ತದೆ. ಅದು ರೋಗವಲ್ಲ. ಮೊಗ್ಗನ್ನು ಎರಡು ಎಲೆಯ ಸಮೇತ ಉಗುರಿನಿಂದ ಚಿವುಟಿದರೆ ಪಕ್ಕದ ಕಣ್ಣುಗಳು ಒಡೆಯುತ್ತವೆ. ಮಾರ್ಚ್ ಬರುವವರೆಗೆ ವಾರಕ್ಕೊಮ್ಮೆ ಮಡಿಯ ಮುಂದೆ ಕುಳಿತು ಚಿವುಟುವ ತಾಳ್ಮೆ ಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಸೇವಂತಿಗೆ ಹೊಲದ ತುಂಬ ಬಲ್ಬು ಉರಿಯುವುದನ್ನು ನೀವು ನೋಡಿರಬಹುದು. ರಾತ್ರಿಯನ್ನು ಮುರಿದು ಮೊಗ್ಗನ್ನು ತಡೆಯುವ ಉಪಾಯವೇ ಅದು. ನಿಮ್ಮ ತಾಯಿಮಡಿ ಮನೆಯ ಹತ್ತಿರವಿದ್ದರೆ ಮಡಿಯ ಮೇಲೆ ಎರಡು ಮೂರು ಎಲ್‌ಇಡಿ ಬಲ್ಬು ಇಳಿಬಿಟ್ಟು ರಾತ್ರಿ ಹತ್ತರಿಂದ ಎರಡರವರೆಗೆ ಉರಿಸಿ ನೋಡಿ, ಚಿವುಟುವ ಕೆಲಸ ಬಹಳ ಕಡಿಮೆಯಾಗುತ್ತದೆ.

ಉತ್ತರ: ಮೂಡಿಗೆರೆಯಲ್ಲಿ ತೋಟಗಾರಿಕೆ ಓದಿದವನು, ಜನವರಿ 19

ಮೇಡಂ, ಗ್ಲಾಡಿಯೋಲಸ್ ಗೆಡ್ಡೆಯನ್ನು ದಯವಿಟ್ಟು ಈಗ ಅಗೆಯಬೇಡಿ. ಹೂವಿನ ದಂಟು ಕೊಯ್ದ ಮೇಲೆಯೇ ಗೆಡ್ಡೆ ತುಂಬಿಕೊಳ್ಳುವುದು. ನೀವು ನೆಟ್ಟ ಹಳೆಯ ಗೆಡ್ಡೆ ತನ್ನಲ್ಲಿದ್ದುದನ್ನೆಲ್ಲ ಹೂವಿಗೆ ಕೊಟ್ಟು ಸುಕ್ಕುಗಟ್ಟಿರುತ್ತದೆ, ಅದರ ನೆತ್ತಿಯ ಮೇಲೆ ಹೊಸ ಗೆಡ್ಡೆ ಕುಳಿತಿರುತ್ತದೆ. ಉಳಿದ ಎಲೆಗಳು ಮಾಡುವ ಆಹಾರವೆಲ್ಲ ಈ ಹೊಸ ಗೆಡ್ಡೆಗೆ ಇಳಿಯಲು ಆರರಿಂದ ಎಂಟು ವಾರ ಬೇಕು. ದಂಟು ಕೊಯ್ಯುವಾಗ ಗಿಡದಲ್ಲಿ ನಾಲ್ಕು ಎಲೆಗಳನ್ನಾದರೂ ಬಿಟ್ಟಿದ್ದೀರಿ ಎಂದುಕೊಳ್ಳುತ್ತೇನೆ; ಬುಡದವರೆಗೆ ಕತ್ತರಿಸಿದ್ದರೆ ಗೆಡ್ಡೆ ನೆಲ್ಲಿಕಾಯಿಯಷ್ಟಕ್ಕೇ ನಿಲ್ಲುತ್ತದೆ. ಡಿಸೆಂಬರ್ ಕೊನೆಗೆ ಹೂವು ಮುಗಿದಿದೆಯೆಂದರೆ ಫೆಬ್ರವರಿ ಮಧ್ಯದವರೆಗೆ ಅಗತ್ಯವಿದ್ದಷ್ಟೇ ನೀರು ಕೊಟ್ಟು, ಎಲೆಯ ತುದಿ ಹಳದಿಗೆ ತಿರುಗಿದ ಕೂಡಲೇ ನೀರು ನಿಲ್ಲಿಸಿ. ಅಲ್ಲಲ್ಲಿ ಒಂದೊಂದು ಗಿಡ ಎತ್ತಿ ನೋಡಿ: ಬುಡದಲ್ಲಿ ಅಂಟಿರುವ ಪುಟ್ಟ ಮರಿಗೆಡ್ಡೆಗಳ ಬಿಳಿಬಣ್ಣ ಹೋಗಿ ಕಂದುಬಣ್ಣ ಬರತೊಡಗಿದ್ದರೆ ಅಗೆಯುವ ಹದ ಬಂದಿದೆ ಎಂದರ್ಥ.

ಗುದ್ದಲಿಯಿಂದ ಅಗೆಯುವಾಗ ಗಾಯವಾದ ಗೆಡ್ಡೆಗಳನ್ನು ಅಲ್ಲಿಯೇ ಬೇರೆ ಮಾಡಿ. ಒಂದೇ ಒಂದು ಕೊಯ್ದ ಗೆಡ್ಡೆ ಕೊಳೆತರೆ ಅದರ ಬುಟ್ಟಿಯೆಲ್ಲ ಹಾಳಾಗುತ್ತದೆ. ಎಲೆ ಕತ್ತರಿಸಿ, ನೆರಳಿನಲ್ಲಿ ಗಾಳಿಯಾಡುವ ಜಾಗದಲ್ಲಿ ಒಂದೇ ಪದರವಾಗಿ ಹರಡಿ ಎರಡು ವಾರ ಒಣಗಿಸಿ. ಆಗ ಹಳೆಯ ಗೆಡ್ಡೆಯ ತಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಟಪ್ಪನೆ ಬಿಡಿಸಿಕೊಳ್ಳುತ್ತದೆ. ಬಿಡಿಸಿದ ಜಾಗ ಒಣಗಿ ಬೆಳ್ಳಗೆ ಇರಬೇಕು. ಕೆಂಪಗೆ, ಕಪ್ಪಗೆ ಕಂಡರೆ ಅದು ಗೆಡ್ಡೆ ಕೊಳೆರೋಗ, ಅದನ್ನು ಸುಟ್ಟುಬಿಡಿ. ಉಳಿದವನ್ನು ಲೀಟರ್ ನೀರಿಗೆ 2 ಗ್ರಾಂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಬೆರೆಸಿದ ದ್ರಾವಣದಲ್ಲಿ ಅರ್ಧ ಗಂಟೆ ಅದ್ದಿ, ಮತ್ತೆ ನೆರಳಿನಲ್ಲಿ ಆರಿಸಿ. ಕೈಗವಸು ಹಾಕಿಕೊಂಡೇ ಈ ಕೆಲಸ ಮಾಡಬೇಕು.

ಇನ್ನು ಕಾಪಿಡುವ ಮಾತು. ಗ್ಲಾಡಿಯೋಲಸ್ ಗೆಡ್ಡೆಗೆ ಎರಡು ಮೂರು ತಿಂಗಳ ನಿದ್ರೆಯಿದೆ, ಆ ನಿದ್ರೆಯನ್ನು ಸರಿಯಾಗಿ ಮುಗಿಸುವುದು ತಂಪು. 4ರಿಂದ 5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ತಿಂಗಳಿಟ್ಟರೆ ಹೊರತೆಗೆದ ಮೇಲೆ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಮೊಳೆಯುತ್ತವೆ. ಈ ವಿಷಯದಲ್ಲಿ ಹಾಸನದವರು ಅದೃಷ್ಟವಂತರು. ಆಲೂಗಡ್ಡೆಯ ಜಿಲ್ಲೆಯಾದ್ದರಿಂದ ಪಂಜಾಬಿನ ಜಲಂಧರದಿಂದ ಬರುವ ಬಿತ್ತನೆ ಗೆಡ್ಡೆಯನ್ನಿಡಲು ಶೀತಲಗೃಹಗಳಿವೆ, ಅಲ್ಲಿನ ತಂಪು ಗ್ಲಾಡಿಯೋಲಸ್‌ಗೂ ಹೊಂದುತ್ತದೆ. ಜಾಲರಿ ಚೀಲದಲ್ಲೋ ರಂಧ್ರವಿರುವ ಕ್ರೇಟಿನಲ್ಲೋ ಇಟ್ಟು, ಹಣ್ಣಿರುವ ಕೋಣೆಯಲ್ಲಿ ಮಾತ್ರ ಇಡಬೇಡಿ ಎಂದು ಹೇಳಿ. ಮಾಗುವ ಹಣ್ಣು ಬಿಡುವ ಅನಿಲ ಗೆಡ್ಡೆಯ ಮೊಳಕೆಯನ್ನು ಕೆಡಿಸುತ್ತದೆ. ಮರಿಗೆಡ್ಡೆಗಳನ್ನು ಎಸೆಯಬೇಡಿ, ಬೇರೆ ಚೀಲದಲ್ಲಿ ಇಡಿ. ಅವು ಹೂಬಿಡುವ ಗಾತ್ರಕ್ಕೆ ಬರಲು ಎರಡು ಮೂರು ಬೆಳೆ ಬೇಕಾಗುತ್ತದೆಯಾದರೂ ಹೊಸ ಗೆಡ್ಡೆ ಕೊಳ್ಳುವ ಖರ್ಚನ್ನು ಉಳಿಸುವುದು ಅವೇ.

ಸುಗಂಧರಾಜ ಎರಡನೆಯ ವರ್ಷದ್ದಾದರೆ ಸಾಮಾನ್ಯವಾಗಿ ಕೂಳೆ ಬಿಡಬಹುದು. ಒಂದು ಗೆಡ್ಡೆ ಒಮ್ಮೆ ಹೂಬಿಟ್ಟರೆ ಅದರ ಕೆಲಸ ಮುಗಿಯಿತು, ಸುತ್ತ ಹುಟ್ಟಿದ ಮರಿಗಳು ಮುಂದೆ ಹೂಬಿಡುತ್ತವೆ; ಮೂರು ವರ್ಷವಾದ ಮೇಲೆ ಗುಂಪು ಇಕ್ಕಟ್ಟಾಗಿ ದಂಟು ಗಿಡ್ಡವಾಗುತ್ತದೆ. ಆದರೆ ತೀರ್ಮಾನಿಸುವ ಮೊದಲು ಒಂದು ಗುಂಪನ್ನು ಬೇರು ಸಮೇತ ಎತ್ತಿ, ತೊಳೆದು, ಬೇರಿನಲ್ಲಿ ಗಂಟುಗಳಿವೆಯೇ ನೋಡಿ ತಿಳಿಸಿ.

ಉತ್ತರ: ಆಲೂರಿನ ಕೃಷಿಕ, ಜನವರಿ 19

ಚೆಂಡು ಹೂವಿನ ವಿಷಯದಲ್ಲಿ ಎಲ್ಲವನ್ನೂ ಸುಡಿ ಎನ್ನುವವರನ್ನೂ ಎಲ್ಲವನ್ನೂ ಮಣ್ಣಿಗೆ ಸೇರಿಸಿ ಎನ್ನುವವರನ್ನೂ ನಾನು ಒಪ್ಪುವುದಿಲ್ಲ. ಗಿಡದ ಮೇಲಿನ ಭಾಗ ಬೇರೆ, ಬೇರು ಬೇರೆ. ಚೆಂಡು ಹೂವಿನ ಬೇರು ಮಣ್ಣಿನ ಜಂತುಹುಳುಗಳನ್ನು (ಬೇರಿಗೆ ಹತ್ತುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳು, ನೆಮಟೋಡ್) ಕಡಿಮೆ ಮಾಡುವಂಥದ್ದು, ಅದನ್ನು ಕಿತ್ತು ಹೊರಗೆ ಹಾಕಿದರೆ ನಷ್ಟ ನಮಗೇ. ಆದರೆ ಮಳೆಗಾಲದಲ್ಲಿ ಎಲೆಚುಕ್ಕೆ ಹಿಡಿದಿದ್ದ ಗಿಡದ ಒಣ ಎಲೆ, ಒಣ ಹೂವುಗಳಲ್ಲಿ ಆ ಶಿಲೀಂಧ್ರ ಮುಂದಿನ ಬೆಳೆಯವರೆಗೂ ಉಳಿಯುತ್ತದೆ. ನಾವು ಮಾಡುವುದು ಹೀಗೆ: ಎಲೆ ಹಸಿರಾಗಿರುವ, ಚುಕ್ಕೆಯಿಲ್ಲದ ಗಿಡಗಳನ್ನು ಕುಡುಗೋಲಿನಿಂದ ಚೂರು ಮಾಡಿ ಮಣ್ಣಿಗೆ ಸೇರಿಸುತ್ತೇವೆ. ಚುಕ್ಕೆಯಿರುವ ಗಿಡಗಳನ್ನು ನೆಲಮಟ್ಟಕ್ಕೆ ಕೊಯ್ದು, ಬೇರನ್ನು ಮಣ್ಣಿನಲ್ಲಿಯೇ ಬಿಟ್ಟು, ಮೇಲಿನದನ್ನು ಗೊಬ್ಬರದ ಗುಂಡಿಗೆ ಸಗಣಿ ನೀರು, ಹಸಿ ಹುಲ್ಲಿನೊಂದಿಗೆ ಪದರ ಪದರವಾಗಿ ಹಾಕುತ್ತೇವೆ. ಗುಂಡಿಯೊಳಗೆ ಕೈಯಿಟ್ಟರೆ ತಡೆಯಲಾಗದಷ್ಟು ಬಿಸಿಯೇರಬೇಕು, ಎರಡು ಸಲ ಮಗುಚಬೇಕು; ಬಿಸಿಯೇರದ ಗುಂಡಿಗೆ ರೋಗದ ಗಿಡ ಹಾಕಬಾರದು. ಸೇವಂತಿಗೆಯಲ್ಲಿ ಬಾಡಿ ಸತ್ತ ಗಿಡಗಳನ್ನು ಮಾತ್ರ ಬೇರು ಸಮೇತ ಕಿತ್ತು ಸುಡಲೇಬೇಕು, ಬದುವಿಗೆ ಎಸೆದರೆ ಮಳೆ ನೀರಿನೊಂದಿಗೆ ಅದು ಹೊಲಕ್ಕೇ ಹಿಂದಿರುಗುತ್ತದೆ. ಹೋದ ವರ್ಷ ನೀವು ಎಸೆದದ್ದು ಬದುವಿನ ಯಾವ ಭಾಗದಲ್ಲಿತ್ತು, ಈ ವರ್ಷ ಗಿಡ ಸತ್ತದ್ದು ಎಲ್ಲಿ ಎಂಬುದನ್ನು ಒಮ್ಮೆ ಹೋಲಿಸಿ ನೋಡಿ.

ಚೆಂಡು ಹೂವಿನ ಬೀಜ ಹಿಡಿಯುವ ಯೋಚನೆಯಿದ್ದರೆ ನಾಟಿ ತಳಿಯಲ್ಲಿ ಮಾತ್ರ ಹಿಡಿಯಿರಿ. ಹೈಬ್ರಿಡ್ ಗಿಡದ ಬೀಜದಿಂದ ಬಂದ ಗಿಡಗಳಲ್ಲಿ ಒಂದು ಎತ್ತರ, ಒಂದು ಗಿಡ್ಡ, ಒಂದು ಒಂಟಿ ಎಸಳಿನದಾಗುತ್ತದೆ.

ಮಾಗಿ ಉಳುಮೆಯನ್ನು ಫೆಬ್ರವರಿಯೊಳಗೆ ಮಾಡಿಸಿಬಿಡಿ. ಡ್ರಿಪ್ ಪೈಪುಗಳನ್ನು ಉಳುಮೆಗೆ ಮೊದಲೇ ತೆಗೆದು, ಕೊನೆಯ ಮುಚ್ಚಳ ಬಿಚ್ಚಿ ಕೆಸರು ಹೋಗುವವರೆಗೆ ನೀರು ಹರಿಸಿ, ಸುರುಳಿ ಸುತ್ತಿ ಅಟ್ಟಕ್ಕೆ ಹಾಕಿ. ನೆಲದಲ್ಲೇ ಬಿಟ್ಟರೆ ಬೇಸಿಗೆಯಲ್ಲಿ ನೀರು ಹುಡುಕುವ ಇಲಿ, ಅಳಿಲುಗಳು ಕಡಿದು ಹಾಕುತ್ತವೆ.

ಪ್ರಶ್ನೆ ಕೇಳಿದವರು, ಜನವರಿ 21

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ನನ್ನ ವಂದನೆಗಳು. ಹೇಳಿದಂತೆ ಎರಡು ದಿನ ಹೊಲದಲ್ಲಿಯೇ ಇದ್ದು ಎಲ್ಲವನ್ನೂ ನೋಡಿದೆ. ನೋಡಿದ ಎರಡು ಸಂಗತಿಗಳು ಸಂತೋಷ ಕೊಡುವಂಥವಲ್ಲ.

ಸುಗಂಧರಾಜದ ಮೂರು ಗುಂಪುಗಳನ್ನು ಎತ್ತಿ ತೊಟ್ಟಿಯಲ್ಲಿ ತೊಳೆದೆ. ಎರಡರ ಬೇರಿನಲ್ಲಿ ಸಾಸಿವೆಯಿಂದ ಹಿಡಿದು ಕಡಲೆಯಷ್ಟು ದಪ್ಪದ ಗಂಟುಗಳಿದ್ದವು, ಮೂರನೆಯದರಲ್ಲಿ ಮಾತ್ರ ಇರಲಿಲ್ಲ. ಇನ್ನೊಂದು, ಸೇವಂತಿಗೆಯಲ್ಲಿ ಬಾಡಿ ಸತ್ತಿದ್ದ ಗಿಡದ ದಂಟನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದಾಗ ತೊಗಟೆಯ ಒಳಗೆ ಕಂದುಬಣ್ಣದ ಗೆರೆಗಳು ಬುಡದಿಂದ ಮೇಲಕ್ಕೆ ಹೋಗಿದ್ದವು. ಆಲೂರಿನವರು ಕೇಳಿದಂತೆ ಹೋಲಿಸಿದೆ. ಸತ್ತ ಗಿಡಗಳು ಹೆಚ್ಚಾಗಿರುವುದು ಹೋದ ವರ್ಷ ಕಸ ಎಸೆದಿದ್ದ ಮೇಲಿನ ಬದುವಿನ ಕೆಳಗಿನ ನಾಲ್ಕು ಸಾಲುಗಳಲ್ಲಿಯೇ. ನರ್ಸರಿಯ ಸಸಿಯನ್ನೇ ಪೂರ್ತಿಯಾಗಿ ದೂರುತ್ತಿದ್ದ ನನಗೆ ಇದು ಹೊಳೆದೇ ಇರಲಿಲ್ಲ.

ಪಂಚೆಯ ಪಟ್ಟಿ ಕಟ್ಟಿದ ಗಿಡಗಳು 260 ಆಗಿವೆ. ಆ ನಾಲ್ಕು ಸಾಲುಗಳಿಂದ ಒಂದನ್ನೂ ಆರಿಸಿಲ್ಲ. ಆದರೂ ರೋಗವಿರುವ ಹೊಲದ ಮರಿಯನ್ನು ಬೇರು ಸಮೇತ ತಂದು ನಾಟಿ ಮಾಡುವುದು ಸರಿಯೇ ಎಂಬ ಅಂಜಿಕೆ ಈಗ ಶುರುವಾಗಿದೆ.

ಉತ್ತರ: ಕಡೂರಿನ ಸೇವಂತಿಗೆ ಬೆಳೆಗಾರ, ಜನವರಿ 21

ನಿಮ್ಮ ಅಂಜಿಕೆ ಸರಿಯಾಗಿದೆ, ನಾನು ಮೊದಲು ಹೇಳಿದ್ದರಲ್ಲಿ ಒಂದನ್ನು ಬದಲಿಸಬೇಕು. ದಂಟಿನೊಳಗೆ ಕಂದು ಗೆರೆಯಿದ್ದರೆ ಅದು ಮಣ್ಣಿನಿಂದ ಬೇರಿನ ಮೂಲಕ ಏರುವ ಸೊರಗು ರೋಗ. ಅಂಥ ಹೊಲದಲ್ಲಿ ಬೇರು ಬಿಟ್ಟ ಮರಿಯನ್ನು ಕಿತ್ತು ತಂದರೆ ಬೇರಿಗೆ ಅಂಟಿದ ಮಣ್ಣಿನೊಂದಿಗೆ ರೋಗವನ್ನೂ ಹೊಸ ಮಡಿಗೆ ತಂದಂತಾಗುತ್ತದೆ. ಆದ್ದರಿಂದ ಮರಿ ಕೀಳಬೇಡಿ, ಕುಡಿಯನ್ನು ಮಾತ್ರ ತೆಗೆಯಿರಿ.

ಪಟ್ಟಿ ಕಟ್ಟಿದ ಗಿಡಗಳನ್ನು ಕತ್ತರಿಸಿ ಅಲ್ಲಿಯೇ ಬಿಡಿ. ಬುಡದಿಂದ ಬಂದ ಮರಿಗಳು ಒಂದು ಗೇಣು ಎತ್ತರವಾಗಲಿ. ಆಮೇಲೆ ನೆಲಕ್ಕೆ ತಾಗದ ಮೇಲಿನ ಭಾಗದಿಂದ ಮೂರು ಬೆರಳು ಉದ್ದದ ಕುಡಿಯನ್ನು ಬೆಳಗಿನ ತಂಪಿನಲ್ಲಿ ಮುರಿಯಿರಿ. ಬ್ಲೇಡು ಬಳಸಿದರೆ ಪ್ರತಿ ಗಿಡಕ್ಕೂ ಸ್ಪಿರಿಟ್‌ನಲ್ಲಿ ಒರೆಸಬೇಕಾಗುತ್ತದೆ. ಎಳೆಯ ಕುಡಿ ಕೈಯಿಂದಲೇ ಟಿಸಿಲು ಮುರಿದಂತೆ ಮುರಿಯುತ್ತದೆ. ಮುರಿಯದೆ ನಾರಿನಂತೆ ಬಾಗಿದರೆ ಅದು ಬಲಿತಿದೆ, ಬೇರು ಬಿಡಲು ತಡಮಾಡುತ್ತದೆ. ಕೆಳಗಿನ ಎರಡು ಎಲೆ ತೆಗೆದು ತೊಳೆದ ಮರಳಿನಲ್ಲೋ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಯಲ್ಲೋ ಚುಚ್ಚಿ. ಹೊಲದ ಮಣ್ಣನ್ನು ಅದಕ್ಕೆ ಸೇರಿಸಲೇಬೇಡಿ. ನೆರಳಿನಲ್ಲಿಟ್ಟು ದಿನಕ್ಕೆ ಮೂರು ನಾಲ್ಕು ಸಲ ನೀರು ಚಿಮುಕಿಸಿದರೆ ಹದಿನೈದು ಇಪ್ಪತ್ತು ದಿನದಲ್ಲಿ ಬಿಳಿ ಬೇರು ಬರುತ್ತದೆ. ಹೀಗೆ ಬೇರುಬಿಟ್ಟ ಮೊದಲ ಐನೂರು ಆರುನೂರು ಸಸಿಗಳೇ ನಿಮ್ಮ ಹೊಸ ತಾಯಿಗಿಡಗಳು. ಅವನ್ನು ಮನೆಯ ಹಿತ್ತಿಲಿನಲ್ಲಿ, ಹಿಂದೆ ಹೂವು ಹಾಕದ ಜಾಗದಲ್ಲಿ ಏರುಮಡಿ ಮಾಡಿ ನೆಡಿ. ಮುಂದೆ ಜೂನ್ ತನಕ ಕುಡಿ ತೆಗೆಯುವುದು ಅವುಗಳಿಂದಲೇ. ಒಂದು ತಿಂಗಳು ಹೆಚ್ಚು ಹಿಡಿಯುತ್ತದೆ, ಆದರೆ ನಿಮಗೆ ಇನ್ನೂ ಐದು ತಿಂಗಳಿದೆ.

ಮಣ್ಣಿನ ಬಗ್ಗೆ: ರೋಗ ಕಂಡ ನಾಲ್ಕು ಸಾಲಿನ ಜಾಗದಲ್ಲಿ ಮುಂದಿನ ವರ್ಷ ಸೇವಂತಿಗೆ ಬೇಡ. ಮಾರ್ಚ್ ಕೊನೆಗೆ ಅಲ್ಲಿಗೆ ಒಂದು ಸಲ ನೀರು ಹಾಯಿಸಿ, ಮಣ್ಣು ಹದವಾಗಿ ಒದ್ದೆಯಿರುವಾಗ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚುಗಳಿಗೆ ಮಣ್ಣು ಮುಚ್ಚಿ, ಐದಾರು ವಾರ ಬಿಸಿಲಿಗೆ ಬಿಡಿ. ಕಪ್ಪು ಹಾಳೆ ಆಗುವುದಿಲ್ಲ. ಬಿಸಿಲು ಒಳಗಿಳಿದು ಮಣ್ಣೇ ಕಾಯಬೇಕು. ಭರಣಿ ಮಳೆ ಬಂದಾಗ ಹಾಳೆ ತೆಗೆದು ಹಸಿರು ಗೊಬ್ಬರಕ್ಕೆಂದು ಇಡೀ ಹೊಲಕ್ಕೆ ಸೆಣಬು ಬಿತ್ತಿ, 45 ದಿನಕ್ಕೆ, ಹೂವು ಬರುವ ಮೊದಲು, ಮಣ್ಣಿಗೆ ಸೇರಿಸಿ. ಕೊಟ್ಟಿಗೆ ಗೊಬ್ಬರವನ್ನು ಹಾಗೆಯೇ ಹಾಕದೆ, 100 ಕಿಲೋ ಗೊಬ್ಬರಕ್ಕೆ 1 ಕಿಲೋ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರದ ಪುಡಿ) ಬೆರೆಸಿ, ನೆರಳಿನಲ್ಲಿ ಒದ್ದೆ ಗೋಣಿ ಮುಚ್ಚಿ ಹದಿನೈದು ದಿನ ಇಟ್ಟು ನಾಟಿಗೆ ಮೊದಲು ಹಾಕಿ.

ಉತ್ತರ: ಮೂಡಿಗೆರೆಯಲ್ಲಿ ತೋಟಗಾರಿಕೆ ಓದಿದವನು, ಜನವರಿ 22

ಸುಗಂಧರಾಜದ ಬೇರಿನಲ್ಲಿ ನೀವು ಕಂಡದ್ದು ಬೇರುಗಂಟು ಜಂತುಹುಳುವಿನ ಕೆಲಸ. ಹಾಗಿದ್ದ ಮೇಲೆ ಕೂಳೆ ಬಿಡುವುದು ಬೇಡ; ಮೂರನೆಯ ವರ್ಷ ಅದರಿಂದ ಬರುವ ಹೂವಿಗಿಂತ ಹುಳು ಹೆಚ್ಚುತ್ತದೆ. ನೀರು ನಿಲ್ಲಿಸಿ, ಎಲೆ ಒಣಗಿದ ಮೇಲೆ ಅಗೆದು, ಗಂಟಿರುವ ಬೇರುಗಳನ್ನೆಲ್ಲ ಸುಟ್ಟುಬಿಡಿ. ಆ 2 ಗುಂಟೆಗೆ ಮುಂದಿನ ಬೆಳೆ ಚೆಂಡು ಹೂವೇ ಆಗಲಿ. ಸುಗಂಧರಾಜವನ್ನು ಹೊಸ ಜಾಗದಲ್ಲಿ ಹಾಕುವುದಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಶೃಂಗಾರ್ ತಳಿಯ ಗೆಡ್ಡೆಯನ್ನು ವಿಚಾರಿಸಿ. ಒಂಟಿ ಎಸಳಿನ, ಬಿಡಿ ಹೂವಿಗೆ ಒಪ್ಪುವ ತಳಿ, ಬೇರುಗಂಟು ಹುಳುವನ್ನು ತಡೆದುಕೊಳ್ಳುತ್ತದೆ. ಈಗಿರುವ ಗೆಡ್ಡೆಯನ್ನು ಬೀಜಕ್ಕೆಂದು ನೆಂಟರಿಗೆ, ನೆರೆಯವರಿಗೆ ಕೊಡಬೇಡಿ. ಕೇಳಿದವರಿಗೆ ಇಲ್ಲವೆನ್ನುವುದು ಕಷ್ಟ, ಆದರೆ ಈ ಹುಳು ಊರಿನಿಂದ ಊರಿಗೆ ಹೋಗುವುದೇ ಹಾಗೆ.

ಉತ್ತರ: ಕೊಪ್ಪದ ಗೃಹಿಣಿ, ಜನವರಿ 22

ಡೇರೆ ಹೂವಿನ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಅಂಗಳವೆಂದರೆ ಡೇರೆಯೇ. ಗಿಡ ಪೂರ್ತಿ ಒಣಗಿದ ಮೇಲೆ ಒಂದು ಗೇಣು ದಂಟು ಉಳಿಸಿ ಕತ್ತರಿಸಿ, ಸುತ್ತಲಿನ ಮಣ್ಣು ಸಡಿಲಿಸಿ, ಗೊಂಚಲನ್ನು ಅಡಿಯಿಂದ ಎತ್ತಿ ತೆಗೆಯಿರಿ. ದಂಟು ಹಿಡಿದು ಎಳೆಯಬಾರದು. ಡೇರೆಯ ಕಣ್ಣಿರುವುದು ಗೆಡ್ಡೆಯ ಮೈಮೇಲೆ ಅಲ್ಲ, ದಂಟಿಗೆ ಸೇರುವ ಕುತ್ತಿಗೆಯಲ್ಲಿ. ಕುತ್ತಿಗೆ ಮುರಿದ ಗೆಡ್ಡೆ ಎಷ್ಟು ದಪ್ಪವಿದ್ದರೂ ಚಿಗುರುವುದಿಲ್ಲ. ಈಗ ಬಿಡಿಸಬೇಡಿ, ಗೊಂಚಲಾಗಿಯೇ ಒಣ ಮರಳಿನಲ್ಲಿ ಹೂತು, ಬಿಸಿಲು ಬೀಳದ ಮೂಲೆಯಲ್ಲಿಡಿ. ನಿಮ್ಮ ಬಯಲುಸೀಮೆಯ ಬೇಸಿಗೆಗೆ ಗೆಡ್ಡೆ ಸುಕ್ಕಾಗುವ ಭಯವಿದೆ, ತಿಂಗಳಿಗೊಮ್ಮೆ ಮರಳಿನ ಮೇಲೆ ಒಂದು ಚೊಂಬು ನೀರು ಚಿಮುಕಿಸಿದರೆ ಸಾಕು. ಮೇ ತಿಂಗಳಲ್ಲಿ ಕುತ್ತಿಗೆಯ ಕಣ್ಣು ಕೆಂಪಗೆ ಉಬ್ಬಿದಾಗ ಚಾಕುವಿನಿಂದ ಒಂದೊಂದು ಕಣ್ಣಿಗೆ ಒಂದೊಂದು ಗೆಡ್ಡೆ ಬರುವಂತೆ ಬಿಡಿಸಿ. ಬಣ್ಣದ ಹೆಸರು ಬರೆದ ಚೀಟಿಯನ್ನು ದಂಟಿಗೆ ಕಟ್ಟುವುದನ್ನು ಮರೆಯಬೇಡಿ.

ಪ್ರಶ್ನೆ ಕೇಳಿದವರು, ಮಾರ್ಚ್ 2

ಕೆಲಸ ಎಲ್ಲಿಗೆ ಬಂತೆಂದು ತಿಳಿಸುವುದು ನನ್ನ ಕರ್ತವ್ಯವಾದ್ದರಿಂದ ಬರೆಯುತ್ತಿದ್ದೇನೆ. ಸತ್ತ ಸೇವಂತಿಗೆ ಗಿಡಗಳನ್ನೂ ಸುಗಂಧರಾಜದ ಬೇರುಗಳನ್ನೂ ಸುಟ್ಟಾಯಿತು. ಚೆಂಡು ಹೂವಿನ 6 ಗುಂಟೆಯಲ್ಲಿ 4 ಗುಂಟೆಯ ಗಿಡವನ್ನು ಕೊಚ್ಚಿ ಮಣ್ಣಿಗೆ ಸೇರಿಸಿದೆವು, ಉಳಿದದ್ದು ಗುಂಡಿ ಸೇರಿತು. ಉಳುಮೆ ಮಾಡಿಸುವ ದಿನ ಯಜಮಾನರು ತಾಯಿಗಿಡದ ಸಾಲುಗಳನ್ನೂ ಸೇರಿಸಿಬಿಡೋಣವೆಂದು ಹೇಳಿದ್ದರು. ಪಂಚೆಯ ಪಟ್ಟಿಗಳು ಗಾಳಿಗೆ ಆಡುತ್ತಿದ್ದುದರಿಂದ ಟ್ರಾಕ್ಟರಿನವರೇ ಅಲ್ಲಿಗೆ ಬಂದು ನಿಲ್ಲಿಸಿ ಕೇಳಿದರು, ಸಾಲು ಉಳಿಯಿತು.

ತೆಂಗಿನ ನಾರಿನ ಪುಡಿಯಲ್ಲಿ ಮೊದಲ ಸಲ ಚುಚ್ಚಿದ 700 ಕುಡಿಗಳಲ್ಲಿ 580 ಬೇರುಬಿಟ್ಟಿವೆ. ಸತ್ತವುಗಳಲ್ಲಿ ಹೆಚ್ಚಿನವು ನಾನು ಮಧ್ಯಾಹ್ನ ಮುರಿದ ಎರಡು ಟ್ರೇಗಳವು. ಹಿತ್ತಿಲಿನ ಏರುಮಡಿಯ ಮೇಲೆ ಮೂರು ಬಲ್ಬು ಹಾಕಿದ್ದೇವೆ. ಬಲ್ಬಿನ ಬೆಳಕು ತಲುಪದ ಅಂಚಿನ ಸಾಲಿನಲ್ಲಿ ಮಾತ್ರ ಮೊಗ್ಗು ಬರುತ್ತಿದೆ, ನಡುವಿನ ಸಾಲುಗಳಲ್ಲಿ ಒಂದೂ ಇಲ್ಲ. ಇದನ್ನು ಕಣ್ಣಾರೆ ಕಂಡಾಗ ನನಗಾದ ಸಂತೋಷವನ್ನು ಹೇಳಲಾರೆ.

ಗ್ಲಾಡಿಯೋಲಸ್ ಎಲೆ ಫೆಬ್ರವರಿ ಎರಡನೆಯ ವಾರದಲ್ಲಿ ಹಳದಿಯಾಯಿತು, 20ರಂದು ಅಗೆದೆವು. ಈಗ ಕೊಟ್ಟಿಗೆಯ ಪಕ್ಕದ ಜಗಲಿಯ ಮೇಲೆ ಬಿದಿರು ತಟ್ಟೆಗಳಲ್ಲಿ ಹರಡಿವೆ. ನಿನ್ನೆ ಒಂದನ್ನು ಒತ್ತಿ ನೋಡಿದೆ, ಹಳೆಯ ತಟ್ಟೆ ಇನ್ನೂ ಬಿಡಿಸಿಕೊಳ್ಳಲಿಲ್ಲ, ಒದ್ದೆಯಾಗಿ ಹರಿಯಿತು. ಆದ್ದರಿಂದ ಇನ್ನೂ ನಾಲ್ಕೈದು ದಿನ ಒಣಗಲು ಬಿಟ್ಟಿದ್ದೇನೆ. ಹಾಸನದಲ್ಲಿ ಒಂದು ಶೀತಲಗೃಹದವರು ನಾಲ್ಕು ಕ್ರೇಟಿಗೆ ಜಾಗ ಕೊಡುವುದಾಗಿ ಒಪ್ಪಿದ್ದಾರೆ. ಹಣ್ಣಿನ ಕೋಣೆಯಲ್ಲಿ ಬೇಡವೆಂದು ಎರಡು ಸಲ ಹೇಳಿ ಬಂದಿದ್ದೇನೆ, ಬರುವ ಸೋಮವಾರ ತೆಗೆದುಕೊಂಡು ಹೋಗುತ್ತೇನೆ.